ಬನ್ನಿ ಗಿಡದ ತನಕ ಹೋದ ಚೆಂಡು

ಮಾವ ಅಳಿಯ ಜಗಳವಾಡುವುದು ಲೋಕದಲ್ಲಿ ಹೊಸದೇನಲ್ಲ. ಆದರೆ ಜಗಳಕ್ಕೂ ಒಂದು ಮರ್ಯಾದಸ್ಥ ಕಾರಣ ಇರಬೇಕು ಎಂದು ನಂಬಿದವನು ನಾನು. ನನ್ನ ಜೊತೆ ಕೋರ್ಟಿನಲ್ಲಿ ಕೆಲಸ ಮಾಡುವ ಕಾರಕೂನರೆಲ್ಲ ತಮ್ಮ ತಮ್ಮ ಮಾವಂದಿರ ಮೇಲೆ ಮುನಿಸಿಕೊಂಡವರೇ. ಒಬ್ಬನಿಗೆ ಮದುವೆಯಲ್ಲಿ ಕೊಟ್ಟ ಉಂಗುರ ಸಣ್ಣದಾಗಿತ್ತು. ಇನ್ನೊಬ್ಬನಿಗೆ ದೀಪಾವಳಿಯ ಧೋತರದ ಅಂಚು ಕಿರಿದಾಗಿತ್ತು. ಮತ್ತೊಬ್ಬನ ಮಾವ ಕೊಡುತ್ತೇನೆಂದ ಎಮ್ಮೆಯನ್ನು ಮಾತಿಗೆ ತಪ್ಪದೆ ಕೊಟ್ಟಿದ್ದ, ಆದರೆ ಎಮ್ಮೆ ಹಾಲು ಕೊಟ್ಟಿರಲಿಲ್ಲ. ಇವೆಲ್ಲ ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥ ಕಾರಣಗಳು. ಕೇಳಿದವರು ‘ಅಯ್ಯೋ ಪಾಪ’ ಎನ್ನುತ್ತಾರೆ. ನಾನು ಮಾತ್ರ ನನ್ನ ಮಾವನೊಡನೆ ಮಾತು ಬಿಡುವ ಮಟ್ಟಕ್ಕೆ ಹೋದದ್ದು ಗಾಲ್ಫ್ ಆಟದ ಸಲುವಾಗಿ. ಆ ಆಟವನ್ನು ನಾನೂ ಆಡಿದವನಲ್ಲ, ಅವರೂ ಆಡಿದವರಲ್ಲ. ಆಡಿದವರು ಇಬ್ಬರು ಇಂಗ್ಲಿಷ್ ಸಾಹೇಬರು. ಅವರಾದರೂ ಒಬ್ಬರನ್ನೊಬ್ಬರು ಕಂಡವರಲ್ಲ. ಒಬ್ಬರು ಆಡಿ ಊರು ಬಿಟ್ಟು ಹೋಗಿ ಮೂವತ್ತು ವರ್ಷಗಳಾದ ಮೇಲೆ ಇನ್ನೊಬ್ಬರು ಬಂದದ್ದು. ಈ ಇಬ್ಬರಲ್ಲಿ ದೊಡ್ಡ ಆಟಗಾರ ಯಾರು ಎಂದು ಟಿಕೋಟದ ಒಂದು ಕಟ್ಟೆಯ ಮೇಲೆ ಶುರುವಾದ ವಾದ, ಕೊನೆಗೆ ನನ್ನ ಚೊಚ್ಚಲ ಮಗನ ಹೆಸರಿಗೆ ಬಂದು ತಗುಲಿಕೊಂಡಿತು.

ಮೊದಲು ಆಟದ ವಿಷಯ ಹೇಳಿಬಿಡುತ್ತೇನೆ. ವಿಜಾಪುರದಿಂದ ಟಿಕೋಟದ ಕಡೆ ಹೊರಟರೆ, ಊರು ಮುಗಿದು ಹೊಲಗಳು ಶುರುವಾಗುವುದಕ್ಕೆ ಮುಂಚೆ ಒಂದು ದೊಡ್ಡ ಗರಸಿನ ಬಯಲು ಸಿಗುತ್ತಿತ್ತು. ಸಾಹೇಬರು ಅದನ್ನು ಗಾಲ್ಫ್ ಮೈದಾನ ಎನ್ನುತ್ತಿದ್ದರು, ಊರವರು ಸಾಹೇಬರ ಬಯಲು ಎನ್ನುತ್ತಿದ್ದರು, ಆಡುಗಳು ಏನೂ ಅನ್ನದೆ ಮೇಯುತ್ತಿದ್ದವು. ವಿಲಾಯತಿಯಲ್ಲಿ ಈ ಆಟವನ್ನು ಹಸಿರು ಹುಲ್ಲಿನ ಮೇಲೆ ಆಡುತ್ತಾರಂತೆ. ನಮ್ಮ ಕಡೆ ಹುಲ್ಲು ದನಗಳಿಗೇ ಸಾಲದು. ಹಾಗಾಗಿ ಪ್ರತಿಯೊಂದು ಕುಳಿಯ ಸುತ್ತಲೂ ಮರಳು ಹಾಸಿ, ಅದಕ್ಕೆ ಎಣ್ಣೆ ಕಲಸಿ, ಎಳೆದೆಳೆದು ನುಣ್ಣಗೆ ಮಾಡಿ, ನಡುವೆ ನಿಶಾನೆಯ ಕೋಲು ನೆಟ್ಟಿದ್ದರು. ನಾನು ಜಡ್ಜ್ ವಿಲ್ಟನ್ ಸಾಹೇಬರ ಕಚೇರಿಯ ಕಾರಕೂನ. ಶನಿವಾರ ಮಧ್ಯಾಹ್ನ ತುರ್ತಾಗಿ ಸಹಿ ಆಗಬೇಕಾದ ಕಾಗದಗಳಿದ್ದರೆ ಸೈಕಲ್ ಏರಿ ಆ ಬಯಲಿಗೆ ಒಯ್ಯುವುದು ನನ್ನ ಪಾಲಿಗೆ ಬಂದಿತ್ತು. ಮೊದಲ ಸಲ ಆ ಆಟ ನೋಡಿದಾಗ ನನಗೆ ಸಾಹೇಬರ ಬಗ್ಗೆ ಮರುಕವೇ ಹುಟ್ಟಿತು. ಇಷ್ಟು ದೊಡ್ಡ ಹುದ್ದೆಯ ಮನುಷ್ಯ, ಬೆರಳು ತೋರಿಸಿದರೆ ನಾಲ್ಕು ಜನ ಪಟ್ಟೇವಾಲರು ಓಡಿ ಹೋಗಿ ಆ ಚೆಂಡನ್ನು ಎತ್ತಿ ಕುಳಿಯೊಳಗೆ ಹಾಕಿ ಬರುತ್ತಿದ್ದರು. ಅದನ್ನು ಬಿಟ್ಟು ಇವರು ಆ ಬಿಸಿಲಲ್ಲಿ ಅದನ್ನು ಹೊಡೆಯುತ್ತ, ಹುಡುಕುತ್ತ, ಮತ್ತೆ ಹೊಡೆಯುತ್ತ ಮೈಲುಗಟ್ಟಲೆ ನಡೆಯುತ್ತಿದ್ದರು. ಸಾಹೇಬರ ಕೋಲುಗಳ ಚೀಲ ಹೊರುತ್ತಿದ್ದ ಖಾಜಾಸಾಬನಿಗೆ ಈ ಮಾತು ಹೇಳಿದೆ. ಅವನು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, “ಸುಮ್ಮನ ನಿಂದರ್ರಿ ಕಾರಕೂನಸಾಹೇಬ್ರ, ಒಂದ ಸಲಾ ಹೊಡಿಯೂದು ನೋಡ್ರಿ, ಆಮ್ಯಾಲ ಮಾತಾಡ್ರಿ” ಎಂದ.

ನೋಡಿದೆ. ಆಮೇಲೆ ಮಾತಾಡಲಿಲ್ಲ. ವಿಲ್ಟನ್ ಸಾಹೇಬರು ಕೋರ್ಟಿನಲ್ಲಿ ಕೂತರೆ ಬೆನ್ನು ಬಾಗಿದ, ಕೆಮ್ಮುವ, ಒಂದು ವಾಕ್ಯ ಹೇಳಿ ಇನ್ನೊಂದಕ್ಕೆ ಉಸಿರು ಕೂಡಿಸಿಕೊಳ್ಳುವ ಮನುಷ್ಯ. ಅದೇ ಮನುಷ್ಯ ಚೆಂಡಿನ ಮುಂದೆ ನಿಂತು ಕೋಲನ್ನು ಹಿಂದಕ್ಕೆ ಎತ್ತಿದಾಗ ಬೇರೆ ಯಾರೋ ಆಗುತ್ತಿದ್ದರು. ಅವಸರವಿಲ್ಲ, ಸಿಟ್ಟಿಲ್ಲ. ಕೋಲು ಮೇಲೆ ಹೋಗಿ ಒಂದು ಕ್ಷಣ ಅಲ್ಲಿಯೇ ಏನೋ ವಿಚಾರ ಮಾಡಿದಂತೆ ನಿಂತು, ಆಮೇಲೆ ಇಳಿದು ಬರುತ್ತಿತ್ತು. ಟಕ್ ಎಂಬ ಸದ್ದು ಕೇಳುವ ಹೊತ್ತಿಗೆ ಚೆಂಡು ಆಗಲೇ ಆಕಾಶದಲ್ಲಿರುತ್ತಿತ್ತು. ಎಂಥ ಚಂದ! ನನ್ನ ಎದೆ ಹಗುರಾಗಿ, ಕಂಕುಳಲ್ಲಿದ್ದ ಕಾಗದಗಳು ಜಾರಿ ಗಾಳಿಗೆ ಹಾರಿ, ಒಂದು ಜಪ್ತಿ ಹುಕುಮನ್ನು ಆಡಿನ ಬಾಯಿಂದ ಕಸಿದುಕೊಳ್ಳಬೇಕಾಯಿತು. ಅಂದಿನಿಂದ ತುರ್ತಿಲ್ಲದ ಕಾಗದಗಳೂ ಶನಿವಾರ ತುರ್ತಾಗತೊಡಗಿದವು. ಒಮ್ಮೆ ಸಾಹೇಬರು ಹೋದ ಮೇಲೆ ಖಾಜಾಸಾಬನನ್ನು ಕಾಡಿ ಬೇಡಿ ಒಂದು ಕೋಲು ಇಸಿದುಕೊಂಡು ನಾನೂ ಬೀಸಿದೆ. ಚೆಂಡು ಇದ್ದಲ್ಲೇ ಇತ್ತು. ನಾನು ಮಾತ್ರ ಒಂದು ಸುತ್ತು ತಿರುಗಿ ಅದರ ಪಕ್ಕದಲ್ಲಿ ಕೂತಿದ್ದೆ. ಹದಿನೈದು ದಿನ ಹೆಗಲಿಗೆ ಲೇಪ ಹಚ್ಚಿಸಿಕೊಂಡು, ಸೈಕಲ್ ಮೇಲಿಂದ ಬಿದ್ದೆ ಎಂದು ಎಲ್ಲರಿಗೂ ಹೇಳಿದೆ. ತಾನು ಮಾಡಲಾರದ್ದನ್ನು ಇನ್ನೊಬ್ಬ ಇಷ್ಟು ಹಗುರಾಗಿ ಮಾಡುವುದನ್ನು ಕಂಡರೆ ಮನುಷ್ಯ ಒಂದೋ ಹೊಟ್ಟೆಕಿಚ್ಚು ಪಡುತ್ತಾನೆ, ಇಲ್ಲವೇ ಭಕ್ತನಾಗುತ್ತಾನೆ. ನಾನು ಭಕ್ತನಾದೆ.

ನನ್ನ ಮಾವ ಬಸಲಿಂಗಪ್ಪನವರು ನನಗಿಂತ ಮೂವತ್ತು ವರ್ಷ ಮೊದಲೇ ಭಕ್ತರಾಗಿದ್ದರು. ಅವರು ಟಿಕೋಟದವರು. ಹರೆಯದಲ್ಲಿ ವಿಜಾಪುರಕ್ಕೆ ಬಂದು, ಈ ಕಡೆಯ ರಸ್ತೆಗಳನ್ನೆಲ್ಲ ಮಾಡಿಸಿದ ಡಂಕಿನ್ ಎಂಬ ಇಂಜಿನಿಯರ್ ಸಾಹೇಬರ ಬಳಿ ಜವಾನರಾಗಿದ್ದರು. ಹಗಲೆಲ್ಲ ಸಾಹೇಬರ ಕಾಗದ ಹೊರುವುದು, ಸಂಜೆ ಅದೇ ಬಯಲಿನಲ್ಲಿ ಸಾಹೇಬರ ಕೋಲುಗಳ ಚೀಲ ಹೊರುವುದು. ಆ ಚೀಲ ಹೊತ್ತ ಬಲಭುಜ ಅವರ ಎಡಭುಜಕ್ಕಿಂತ ಆಗಲೂ ಸ್ವಲ್ಪ ಕೆಳಗಿತ್ತು. ಅಂಗಿ ಹೊಲಿಯುವ ದರ್ಜಿ ಪ್ರತಿ ಸಲವೂ ಅದನ್ನು ಕೇಳುತ್ತಿದ್ದ, ಇವರು ಪ್ರತಿ ಸಲವೂ ಸಂತೋಷದಿಂದ ಕಥೆ ಹೇಳುತ್ತಿದ್ದರು. ಡಂಕಿನ್ ಸಾಹೇಬರು ವಿಲಾಯತಿಗೆ ಹೋದ ಮೇಲೆ ಮಾವ ನೌಕರಿ ಬಿಟ್ಟು ಊರಿಗೆ ಬಂದು ಒಕ್ಕಲುತನ ಹಿಡಿದರು. ಇನ್ನೊಬ್ಬರ ಚೀಲ ಹೊರುವ ಮನಸ್ಸಾಗಲಿಲ್ಲವಂತೆ.

ದೊಡ್ಡ ಯುದ್ಧ ಮುಗಿದ ವರ್ಷ ಅದು. ನನ್ನ ಹೆಂಡತಿ ನೀಲವ್ವ ಬಾಣಂತನಕ್ಕೆ ತವರಿನಲ್ಲಿದ್ದಳು. ಗಂಡುಮಗು ಹುಟ್ಟಿದ ಸುದ್ದಿ ಬಂದ ವಾರವೇ ನಾನು ಶನಿವಾರದ ಸಂಜೆ ಟಿಕೋಟದ ಬಸ್ಸು ಹತ್ತಿದೆ. ಪೆಟ್ರೋಲ್ ಸಿಗದ ಕಾಲವಾದ್ದರಿಂದ ಬಸ್ಸು ಇದ್ದಿಲ ಹೊಗೆಯ ಮೇಲೆ ಓಡುತ್ತಿತ್ತು. ಓಡುತ್ತಿತ್ತು ಎನ್ನುವುದು ಅದರ ಮೇಲಿನ ಪ್ರೀತಿಗೆ ಹೇಳಿದ ಮಾತು. ಏರು ಬಂದಲ್ಲೆಲ್ಲ ನಾವೇ ಇಳಿದು ನೂಕುತ್ತಿದ್ದೆವು. ಮಸಿ ಮೋರೆಯಲ್ಲಿ ಹೋಗಿ ಮಗುವಿನ ಮುಖ ನೋಡಿ, ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತಿದ್ದೇ ತಡ, ಮಾವ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು: “ಅಳ್ಯಾರ, ಹೆಸರ ನಾ ನಕ್ಕಿ ಮಾಡೇನಿ. ಡಂಕಿನಪ್ಪ.”

ನೇರವಾಗಿ ಬೇಡ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮಾವನಿಗೆ ನೇರವಾಗಿ ಬೇಡ ಎನ್ನುವ ಅಳಿಯ ಎಲ್ಲಿದ್ದಾನೆ? ವಾದದ ಮೂಲಕ ತಪ್ಪಿಸೋಣವೆಂದು ನನ್ನ ಕೋರ್ಟಿನ ಬುದ್ಧಿ ಓಡಿಸಿದೆ. “ಮಾವಾರ, ಗಾಲ್ಫ ಆಡವ್ರ ಹೆಸರ ಇಡೂದಾದ್ರ ಎಲ್ಲಾರಕಿಂತ ದೊಡ್ಡ ಆಟಗಾರನ ಹೆಸರ ಇಡಬೇಕಲ್ರಿ. ಅಂಥಾವ್ರಂದ್ರ ನಮ್ಮ ವಿಲ್ಟನ್ ಸಾಹೇಬ್ರು” ಎಂದೆ. ಮಾವನ ಕೈಯ ಎಲೆ ಅರ್ಧಕ್ಕೇ ನಿಂತಿತು.

“ಏನಂದ್ರಿ? ಯಾರ ಮುಂದ ಯಾರನ್ನ ತಂದ್ರಿ? ನಮ್ಮ ಡಂಕಿನ್ ಸಾಹೇಬ ಹೊಡದ ಚೆಂಡ ಮ್ಯಾಲ ಹೋತಂದ್ರ, ನಾವು ಎಲಿ ಹಾಕ್ಕೊಂಡು ಬಾಯಿ ಕೆಂಪಾಗೂ ತನಕಾ ಕೆಳಗ ಬರ್ತಿರಲಿಲ್ಲ.”

“ಅಷ್ಟೊತ್ತ ಮ್ಯಾಲಿದ್ರ ಹದ್ದು ಕಚ್ಕೊಂಡ ಹೋಗಿರಬೇಕ್ರಿ ಮಾವಾರ.”

“ಆಗ ಕೋಲ ಕಟಗೀವ್ರಿ, ಕಟಗೀವು! ಈಗ ಉಕ್ಕಿನವು ಬಂದಾವ. ಉಕ್ಕಿನ ಕೋಲ ಕೊಟ್ರ ನಮ್ಮ ಮನಿ ಎತ್ತೂ ಹೊಡೀತೈತಿ.”

ಇದು ಸುಳ್ಳಲ್ಲದ ಕಾರಣ ನನಗೆ ಸಿಟ್ಟು ಬಂತು. ನಾನೂ ಬಿಡಲಿಲ್ಲ. ಅವರ ಸಾಹೇಬರ ಕಾಲಕ್ಕೆ ಶಾಂತಿಯಿತ್ತು, ಹಡಗು ತುಂಬ ಹೊಸ ಚೆಂಡುಗಳು ಬರುತ್ತಿದ್ದವು. ನಮ್ಮ ಸಾಹೇಬರು ಯುದ್ಧದ ವರ್ಷಗಳೆಲ್ಲ ಸಿಪ್ಪೆ ಸುಲಿದ ಹಳೆಯ ಚೆಂಡುಗಳಲ್ಲೇ ಆಡಿದರು ಎಂದೆ. ಆಗ ಬಯಲು ಇನ್ನೂ ಉಬ್ಬುತಗ್ಗಾಗಿತ್ತು, ಈಗ ಸಮ ಮಾಡಿದ್ದಾರೆ ಎಂದು ಅವರು. ಆಗಿನ ಸಾಹೇಬರಿಗೆ ಹರೆಯವಿತ್ತು, ಈಗಿನವರು ಪಿಂಚಣಿಯ ಹತ್ತಿರದವರು ಎಂದು ನಾನು. ಹೀಗೆ ಒಬ್ಬರ ಕೋಲಿನಿಂದ ಇನ್ನೊಬ್ಬರ ಚೆಂಡನ್ನು ಕಳೆದು, ಒಬ್ಬರ ಹರೆಯಕ್ಕೆ ಇನ್ನೊಬ್ಬರ ಕೆಮ್ಮನ್ನು ಕೂಡಿಸಿ, ಲೆಕ್ಕ ಹರಿಯದೆ ಕೂತೆವು. ಎರಡು ಕಾಲದ ಮನುಷ್ಯರನ್ನು ಒಂದೇ ತಕ್ಕಡಿಯಲ್ಲಿಡುವುದು ಎಷ್ಟು ಕಷ್ಟ ನೋಡಿ. ಒಬ್ಬನನ್ನು ಇಡುವ ಹೊತ್ತಿಗೆ ಇನ್ನೊಬ್ಬ ಎದ್ದು ಹೋಗಿರುತ್ತಾನೆ. ಆದರೂ ಹೋಲಿಸದೆ ಇರಲು ನಮ್ಮಿಂದ ಆಗುವುದಿಲ್ಲ. ವಿಜಾಪುರದಲ್ಲಂತೂ ಪ್ರತಿಯೊಬ್ಬನ ಬಾಯಲ್ಲೂ ಬಾದಶಹರ ಕಾಲದ ನೀರು, ಬಾದಶಹರ ಕಾಲದ ಸುಣ್ಣ. ಇವರಲ್ಲಿ ಯಾರೂ ಆ ನೀರು ಕುಡಿದವರಲ್ಲ.

ಕೊನೆಗೆ ಮಾವ ಎದ್ದು ನಿಂತು ಧೋತರ ಝಾಡಿಸಿದರು. “ನೀವು ಕೋರ್ಟಿನವ್ರು, ನಿಮಗ ಸಾಕ್ಷಿ ಬೇಕು. ಸಾಕ್ಷಿ ಐತಿ. ಬಯಲಿನ ಆಚೆ ನಮ್ಮ ಗೆಳ್ಯಾ ಮಲ್ಲಪ್ಪನ ಹೊಲ ಐತೆಲ್ಲ, ಅಲ್ಲೆ ಬನ್ನಿ ಗಿಡದ ಬುಡಕ್ಕ ಸುಣ್ಣಾ ಹಚ್ಚಿದ ಕಲ್ಲ ಐತಿ. ಒಂದಿನ ಡಂಕಿನ್ ಸಾಹೇಬ ಹೊಡದ ಚೆಂಡ ಬಯಲ ದಾಟಿ ಹೊಲದಾಗ ಬಿತ್ತು. ಬಿದ್ದಲ್ಲೆ ನನ್ನ ಕೈಲೆ ನಾನ ಕಲ್ಲ ನೆಟ್ಟು, ಸುಣ್ಣಾ ಹಚ್ಚಿ ಬಂದೇನಿ. ನಿಮ್ಮ ಸಾಹೇಬ ಆ ಕಲ್ಲ ದಾಟಿಸಲಿ. ದಾಟಿಸಿದ್ರ ಮೊಮ್ಮಗನ ಹೆಸರ ನಿಮಗ ಬೇಕಾದ್ದ ಇಡ್ರಿ, ನಾ ಪಿಟ್ಟ ಅನ್ನೂದಿಲ್ಲ. ದಾಟಲಿಲ್ಲ ಅಂದ್ರ ಡಂಕಿನಪ್ಪ.” ನಾನು ಆಗಲಿ ಎಂದುಬಿಟ್ಟೆ. ಒಳಗಿನಿಂದ ನೀಲವ್ವನ ದನಿ ಬಂತು: “ಸಾಲ್ಯಾಗ ಹುಡುಗೂರು ನನ್ನ ಮಗನ್ನ ಡಂಕಿ ಡಂಕಿ ಅಂತ ಕುಣಸ್ತಾವ. ನೀವು ಸೋತ ಬಂದ್ರ ಈ ಮನಿಗಿ ಕಾಲ ಇಡಬ್ಯಾಡ್ರಿ.” ನಾನು ಆ ರಾತ್ರಿ ಊಟ ಮಾಡಿದ್ದು ಮಾವನ ಕಡೆ ಬೆನ್ನು ಮಾಡಿಕೊಂಡು.

ಎಳ್ಳ ಅಮವಾಸ್ಯೆಯ ದಿನ ಪರೀಕ್ಷೆ ಎಂದು ಗೊತ್ತುಮಾಡಿದೆವು. ಅಂದು ಒಕ್ಕಲಿಗರೆಲ್ಲ ಅಡುಗೆ ಮಾಡಿಕೊಂಡು ಹೊಲಕ್ಕೆ ಹೋಗಿ, ಚರಗವೆಂದು ಎಡೆಯ ಅಡುಗೆಯನ್ನು ಬೆಳೆಗೆ ಚೆಲ್ಲಿ ಅಲ್ಲಿಯೇ ಉಣ್ಣುವ ಹಬ್ಬ. ಮಲ್ಲಪ್ಪ ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದ. ಕೋರ್ಟಿಗೆ ನಾತಾಳದ, ಅಂದರೆ ಕ್ರಿಸ್ಮಸ್ಸಿನ, ರಜೆಯಿದ್ದದ್ದರಿಂದ ವಿಲ್ಟನ್ ಸಾಹೇಬರು ಬೆಳಿಗ್ಗೆಯೇ ಬಯಲಿಗೆ ಬರುತ್ತಿದ್ದರು. ಜಡ್ಜರ ಬಳಿ ಹೋಗಿ, ಸಾಹೇಬರೇ, ನನ್ನ ಮಗನ ಹೆಸರು ನಿಮ್ಮ ಕೈಯಲ್ಲಿದೆ ಎಂದು ಹೇಳುವ ಧೈರ್ಯ ನನಗೆಲ್ಲಿಯದು? ಖಾಜಾಸಾಬನ ಕಾಲು ಹಿಡಿದೆ. ಅವನು ಸಾಹೇಬರ ಕಿವಿಯಲ್ಲಿ ಏನೋ ಹೇಳಿ ನಮ್ಮ ಕಡೆ ಕೈ ಮಾಡಿದ. ಸಾಹೇಬರು ಹಣೆಗೆ ಕೈ ಹಚ್ಚಿ, ಬಯಲಿನಾಚೆ, ಹೊಲದ ನಡುವೆ, ಬನ್ನಿ ಗಿಡದ ಬುಡದಲ್ಲಿ ಬೆಳ್ಳಗೆ ಕಾಣುತ್ತಿದ್ದ ಚುಕ್ಕೆಯನ್ನು ಬಹಳ ಹೊತ್ತು ನೋಡಿದರು. ಅಷ್ಟು ದೂರವೆ, ಆಗದ ಮಾತು ಎಂದು ಹಿಂದುಸ್ತಾನಿಯಲ್ಲಿ ಅಂದರು. ಆಮೇಲೆ ಮಾವನ ಕಡೆ ನೋಡಿದರು. ಮಾವ ಹಬ್ಬದ ರುಮಾಲು ಸುತ್ತಿ, ಒಂದು ಭುಜ ಇಳಿಸಿಕೊಂಡು, ಚೀಲವಿಲ್ಲದಿದ್ದರೂ ಚೀಲ ಹೊತ್ತವರ ಹಾಗೆಯೇ ನಿಂತಿದ್ದರು. ಆ ನಿಲುವು ಸಾಹೇಬರಿಗೆ ಅರ್ಥವಾಗಿರಬೇಕು. ಖಾಜಾಸಾಬನಿಗೆ ಹೇಳಿ ಚೀಲದ ತಳದಿಂದ ಒಂದು ಕಾಗದದ ಪೊಟ್ಟಣ ತೆಗೆಸಿದರು. ಒಳಗೆ ಯುದ್ಧಕ್ಕೆ ಮುಂಚಿನ ಹೊಚ್ಚ ಹೊಸ ಚೆಂಡು. ಇಷ್ಟು ವರ್ಷ ಅದನ್ನು ಯಾವ ದಿನಕ್ಕೆಂದು ಕಾದಿಟ್ಟಿದ್ದರೋ ದೇವರಿಗೆ ಗೊತ್ತು.

ಆ ಹೊಡೆತವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಕೋಲು ಮೇಲೆ ಹೋಯಿತು, ವಿಚಾರ ಮಾಡಿತು, ಇಳಿಯಿತು. ಟಕ್! ಚೆಂಡು ತಗ್ಗಿನಲ್ಲಿ ಹೊರಟು, ನಾವು ಇನ್ನೇನು ಬಿತ್ತು ಎನ್ನುವಲ್ಲಿ ಮೇಲೆದ್ದು, ಬಯಲಿನ ಕೊನೆಯ ಜಾಲಿಗಳನ್ನು ದಾಟಿ, ಮಲ್ಲಪ್ಪನ ಹೊಲದ ಬದುವನ್ನೂ ದಾಟಿ, ಕಡಲೆಯ ಸಾಲುಗಳ ನಡುವೆ ಬಿದ್ದು ಎರಡು ಸಲ ಪುಟಿಯಿತು. ಖಾಜಾಸಾಬ “ಯಾ ಅಲ್ಲಾ” ಎಂದ. ಅವನ ಇಷ್ಟು ವರ್ಷಗಳ ಚಾಕರಿಯಲ್ಲಿ ಅಂಥದ್ದನ್ನು ಕಂಡಿರಲಿಲ್ಲವಂತೆ. ಆದರೆ ಬನ್ನಿ ಗಿಡ ಅಲ್ಲಿಂದ ಇನ್ನೂ ಎಷ್ಟೋ ದೂರವಿತ್ತು. ಸಾಹೇಬರು ಕೋಲನ್ನು ಖಾಜಾಸಾಬನ ಕೈಗೆ ಕೊಟ್ಟರು. ಒಂದೆರಡು ಹೆಜ್ಜೆ ಮುಂದೆ ಬಂದು, ಬನ್ನಿ ಗಿಡದ ಕಡೆ ಮುಖ ಮಾಡಿ, ತಲೆಯ ಮೇಲಿನ ಟೊಪ್ಪಿಗೆ ತೆಗೆದು ಎದೆಗೆ ಹಿಡಿದು ನಿಂತರು. “ಶಾಭಾಸ್, ಡಂಕಿನ್” ಎಂದರು. ತಾವು ಎಂದೂ ಕಾಣದ ಮನುಷ್ಯನಿಗೆ ತಮ್ಮ ಆಯುಷ್ಯದ ಅತಿ ಒಳ್ಳೆಯ ಹೊಡೆತ ಹೊಡೆದ ಮರುಕ್ಷಣವೇ ತಲೆಬಾಗಿದರು. ಮಾವನ ಕೈ ರುಮಾಲಿನ ಹತ್ತಿರ ಸಲಾಮಿಗೆ ಹೋದದ್ದು ಹಾಗೆಯೇ ಉಳಿಯಿತು. ಕಣ್ಣಿಂದ ನೀರು ಗಡ್ಡಕ್ಕೆ ಇಳಿಯುತ್ತಿತ್ತು. ಸೋತವನು ನಾನು, ಆದರೂ ನನ್ನ ಸಾಹೇಬರ ಮೇಲೆ ನನಗೆ ಅಂದು ಬಂದಷ್ಟು ಅಭಿಮಾನ ಬೇರೆ ಎಂದೂ ಬಂದಿಲ್ಲ. ಚೆಂಡು ತರಲು ಖಾಜಾಸಾಬನ ಜೊತೆ ನಾನೂ ಹೋದೆ. ಮನಸ್ಸು ತಡೆಯದೆ, ಅದು ಬಿದ್ದಿದ್ದಲ್ಲಿ ಮುಷ್ಟಿಯಷ್ಟು ದೊಡ್ಡ ಕಲ್ಲೊಂದನ್ನು ಹುಡುಕಿ ನೆಟ್ಟು ಬಂದೆ.

ಮಧ್ಯಾಹ್ನ ಬನ್ನಿ ಗಿಡದ ನೆರಳಿನಲ್ಲಿ ಊಟಕ್ಕೆ ಕೂತೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ. ಬಡಿಸುತ್ತಿದ್ದವಳು ಮಲ್ಲಪ್ಪನ ಸೊಸೆ ಚನ್ನವ್ವ, ಬಬಲೇಶ್ವರದ ಹೆಣ್ಣುಮಗಳು. “ನಮ್ಮ ಬಬಲೇಶ್ವರದಾಗ ಹೋಳಿಗಿ ಇಷ್ಟ ದಪ್ಪ ಮಾಡಂಗಿಲ್ರಿ, ಇದು ನಮ್ಮ ಅತ್ತಿ ಕಲಿಸಿದ್ದು” ಎಂದು ಅವಳೂ ತನ್ನ ಎರಡು ಕಾಲಗಳನ್ನು ಹೋಲಿಸುತ್ತಲೇ ಬಡಿಸಿದಳು. ನನ್ನ ಎದುರಿಗೇ ಗಿಡದ ಬುಡದಲ್ಲಿ, ಹೊಸದಾಗಿ ಸುಣ್ಣ ಬಳಿದ ಐದು ಕಲ್ಲುಗಳು ಸಾಲಾಗಿ ಕೂತಿದ್ದವು. ನಮ್ಮ ಕಡೆ ಈ ಹಬ್ಬಕ್ಕೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸುತ್ತಾರೆ. ಅವರ ಹಿಂದೆ ಸ್ವಲ್ಪ ಮರೆಯಲ್ಲಿ ಒಂದು ಸಣ್ಣ ಕಲ್ಲು, ಅದು ಕಳ್ಳ. ಹೊಲ ಕಾಯುವ ಪಾಂಡವರಿಗೆ ಮಾಡಲು ಕೆಲಸ ಬೇಕಲ್ಲ. ಐವರಲ್ಲಿ ದೊಡ್ಡದಾದ ಕಲ್ಲೇ ಮಾವನ ಕಲ್ಲು ಎಂದು ಗುರುತು ಹಿಡಿದು, ಹಳೆಯ ಗುರುತಿನ ಕಲ್ಲಿನ ಸುತ್ತ ಪಾಂಡವರು ಬಂದು ಕೂತಿದ್ದಾರಲ್ಲ ಎಂದು ಮೆಚ್ಚಿಕೊಂಡು ಚನ್ನವ್ವನಿಗೆ ಹೇಳಿದೆ.

“ಅದು ಭೀಮಸೇನ ರೀ” ಎಂದಳು ಅವಳು. “ಮೊದಲ ಇಲ್ಲೆ ಇರಲಿಲ್ಲಂತ. ಆ ಕೆಳಗಿನ ಬದು ಐತೆಲ್ರಿ, ಅದಕ್ಕ ಹತ್ತಿ ಈಚೆ ಮಗ್ಗಲ ನಟ್ಟಿತ್ತಂತ. ಯಾರೋ ಸುಣ್ಣಾ ಬ್ಯಾರೆ ಹಚ್ಚಿದ್ರಂತ. ಪಾಂಡವರಿಗೆ ಒಂದ ಕಲ್ಲ ಕಡಿಮಿ ಬಿದ್ದಿತ್ತು, ಬೆಳ್ಳಗ ಛಂದ ಐತೆಂತ ನಮ್ಮ ಅತ್ತಿ ಕಿತ್ತಿಸಿ ಹೊತ್ಕೊಂಡ ಬಂದಿದ್ಲಂತ. ನಾ ಬರೂಕಿಂತ ಮೊದಲಿನ ಮಾತು.”

ನಾನು ಬದುವಿನ ಕಡೆ ನೋಡಿದೆ. ಬದುವಿಗೆ ಹತ್ತಿಕೊಂಡೇ! ವಿಲ್ಟನ್ ಸಾಹೇಬರ ಚೆಂಡು ಆ ಬದುವನ್ನು ದಾಟಿ ಎಷ್ಟೋ ಒಳಗೆ ಬಿದ್ದಿತ್ತು. ನಾನು ಕಲ್ಲು ನೆಟ್ಟ ಜಾಗ ಕೂತಲ್ಲಿಂದಲೇ ಕಾಣುತ್ತಿತ್ತು. ನನ್ನ ಸಾಹೇಬರು ಗೆದ್ದಿದ್ದರು. ಡಂಕಿನ್ ಸಾಹೇಬರ ಚೆಂಡನ್ನು ಮಲ್ಲಪ್ಪನ ಹೆಂಡತಿ ತಲೆಯ ಮೇಲೆ ಹೊತ್ತು ಇನ್ನರ್ಧ ಹೊಲ ದಾಟಿಸಿದ್ದಳು. ಒಂದು ಮಾತು ಹೇಳಿದರೆ ಸಾಕು, ನನ್ನ ಮಗ ಡಂಕಿನಪ್ಪನಾಗುವುದು ತಪ್ಪುತ್ತಿತ್ತು, ನೀಲವ್ವನ ಮನೆಯ ಬಾಗಿಲು ನನಗೆ ತೆರೆಯುತ್ತಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಆ ಕಡೆ ಮಾವ ಮಲ್ಲಪ್ಪನಿಗೆ ಹೇಳುತ್ತಿದ್ದುದು ಕೇಳಿಸಿತು: “ಟೊಪಗಿ ತಗದ ಲೇ ಮಲ್ಲ್ಯಾ! ಜಡ್ಜ ಸಾಹೇಬ ನಮ್ಮ ಡಂಕಿನ್ ಸಾಹೇಬಗ ಟೊಪಗಿ ತಗದ! ನಾ ಸತ್ರೂ ಚಿಂತಿಲ್ಲ ಇನ್ನ.” ಅವರ ಮುಂದಿನ ಹೋಳಿಗೆ ಮುರಿಯದೆ ಹಾಗೆಯೇ ಇತ್ತು. ಒಂದು ಕಡೆ ನನ್ನ ಮಗನ ಇಡೀ ಬಾಳು, ಇನ್ನೊಂದು ಕಡೆ ಈ ಮುದುಕನ ಒಂದು ಮಧ್ಯಾಹ್ನ. ಕೋರ್ಟಿನ ತಕ್ಕಡಿಯಲ್ಲಿ ತೂಗಿದರೆ ಯಾವುದು ಭಾರವೆಂದು ಕೇಳಬೇಕೆ? ಆದರೆ ನನ್ನ ಕಣ್ಣಿಗೆ ಬಿದ್ದದ್ದು ಅವರ ಇಳಿದ ಭುಜ. ತೆರೆದ ಬಾಯಿಗೆ ಒಂದು ಇಡೀ ಹೋಳಿಗೆ ತುರುಕಿಕೊಂಡೆ. ಚನ್ನವ್ವ ಹೆದರಿ ನೀರು ತಂದಳು.

ಹೋಳಿಗೆ ಇಳಿಯುವ ಹೊತ್ತಿಗೆ ನನಗೊಂದು ಉಪಾಯ ಹೊಳೆಯಿತು. ಆ ಉಪಾಯದ ಬಗ್ಗೆ ನನಗೆ ಹೆಮ್ಮೆಯಿತ್ತು ಎಂದು ಹೇಳಲು ಇಂದಿಗೂ ನಾಚಿಕೆಪಡುವುದಿಲ್ಲ. ಹೆಮ್ಮೆ ಯಾಕೆ ಇಳಿಯಿತು ಎಂಬುದನ್ನು ಮುಂದೆ ಹೇಳುತ್ತೇನೆ. “ಮಾವಾರ, ನೀವು ಗೆದ್ರಿ” ಎಂದೆ. “ಆದರ ಒಂದ ಮಾತ ಐತಿ. ನಿಮ್ಮ ಸಾಹೇಬನ ಕಲ್ಲಿಗಿ ಈಗ ಜನಾ ಭೀಮಸೇನ ಅಂತ ಪೂಜಿ ಮಾಡಾಕತ್ತಾರ. ದೇವರಾದವ್ರನ್ನ ಹಳೇ ಹೆಸರಲೆ ಕರಿಯೂದು ಛಲೋ ಅಲ್ರಿ. ಭೀಮಪ್ಪ ಅಂತ ಇಟ್ರ, ಡಂಕಿನ್ ಸಾಹೇಬ್ರ ಹೆಸರ ಇಟ್ಟಂಗೂ ಆತು, ದೇವರ ಹೆಸರ ಇಟ್ಟಂಗೂ ಆತು.” ಮಾವ ನನ್ನ ಮುಖವನ್ನು ಒಂದಿಷ್ಟು ಹೊತ್ತು ನೋಡಿದರು. ದೊಡ್ಡ ವಾದಕ್ಕೆ ಸಿದ್ಧನಾಗಿ ಕೂತಿದ್ದೆ. “ಆಗಲೇಳ್ರಿ” ಎಂದು ಹೋಳಿಗೆ ಮುರಿದರು. ಇಷ್ಟು ಸುಲಭವಾಗಿ ಮುಗಿದದ್ದು ನನ್ನ ಮಾತಿನ ಚಾತುರ್ಯದಿಂದ ಎಂದೇ ನಾನು ತಿಳಿದೆ. ವಾರದಲ್ಲೇ ಟಿಕೋಟದಲ್ಲಿ ತೊಟ್ಟಿಲು ಕಟ್ಟಿದರು. ಹೊನವಾಡದಿಂದ ಬಂದ ನನ್ನ ಅಕ್ಕ ಸೋದರತ್ತೆಯಾಗಿ ಮಗುವಿನ ಕಿವಿಯಲ್ಲಿ ಕುರ್ ಎಂದು ಭೀಮಪ್ಪ ಎಂಬ ಹೆಸರು ಹೇಳಿದಳು, ಪದ್ಧತಿಯಂತೆ ಉಳಿದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿದರು. ನೀಲವ್ವ ನನ್ನ ಕಡೆ ನೋಡಿದ ನೋಟದಲ್ಲಿ, ಮದುವೆಯಾದಂದಿನಿಂದ ಮೊದಲ ಸಲ, ಇವರಿಗೂ ಸ್ವಲ್ಪ ಬುದ್ಧಿಯಿದೆ ಎಂಬ ಭಾವವಿತ್ತು. ನಾನು ಒಂದು ವರ್ಷ ಅದರ ಮೇಲೆಯೇ ಬದುಕಿದೆ.

ಮುಂದಿನ ವರ್ಷದ ಹೊತ್ತಿಗೆ ವಿಲ್ಟನ್ ಸಾಹೇಬರು ಪಿಂಚಣಿ ಪಡೆದು ವಿಲಾಯತಿಗೆ ಹೋಗಿದ್ದರು. ಬಯಲಿನ ಮರಳನ್ನು ಯಾರೂ ಎಳೆಯುತ್ತಿರಲಿಲ್ಲ. ಖಾಜಾಸಾಬ ಪೇಟೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ. ಎಳ್ಳ ಅಮವಾಸ್ಯೆಗೆ ಮಲ್ಲಪ್ಪ ಮತ್ತೆ ಕರೆದ. ಮಾವ ಬೆಳಿಗ್ಗೆಯೇ ಮುಂದೆ ಹೋಗಿದ್ದರು, ನಾನೂ ನೀಲವ್ವನೂ ಮಗುವನ್ನು ಎತ್ತಿಕೊಂಡು ಬಿಸಿಲೇರಿದ ಮೇಲೆ ಹೋದೆವು. ಹೋದವನೇ ಮೊದಲು ಕಡಲೆ ಸಾಲಿನಲ್ಲಿ ನನ್ನ ಕಲ್ಲು ಹುಡುಕಿದೆ. ಇರಲಿಲ್ಲ. ಚನ್ನವ್ವನನ್ನು ಕೇಳಿದೆ.

“ಅದನ್ನ ನಿಮ್ಮ ಮಾವಾರ ಕಿತ್ಕೊಂಡ ಹೋದ್ರಲ್ರಿ. ಹೋದ ವರ್ಷದ ಕಳ್ಳ ಎಲ್ಲೋ ಕಳದ ಹೋಗಿದ್ದ. ‘ತಡಿಯವ್ವ, ನಾ ಒಬ್ಬಾಂವನ್ನ ಹಿಡಕೊಂಡ ಬರ್ತೇನಿ’ ಅಂದ್ರು.”

ಓಡಿ ಹೋಗಿ ನೋಡಿದೆ. ಬನ್ನಿ ಗಿಡದ ಬುಡದಲ್ಲಿ ಐವರು ಪಾಂಡವರ ಹಿಂದೆ, ಮರೆಯಲ್ಲಿ, ಮೈತುಂಬ ಸುಣ್ಣ ಬಳಿಸಿಕೊಂಡು ನನ್ನ ಜಡ್ಜ್ ಸಾಹೇಬರು ಕೂತಿದ್ದರು. ಜೀವಮಾನವೆಲ್ಲ ಕಳ್ಳರಿಗೆ ಶಿಕ್ಷೆ ಬರೆದ ಮನುಷ್ಯ! ನಾನು ಮಾವನ ಕಡೆ ತಿರುಗಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

“ಯಾಕ್ರಿ ಅಳ್ಯಾರ, ಹಂಗ್ಯಾಕ ನೋಡ್ತೀರಿ? ನಿಮ್ಮ ಸಾಹೇಬನ ಚೆಂಡೂ ಬನ್ನಿ ಗಿಡಾ ಮುಟ್ತಲ್ರಿ. ಈಗ ಇಬ್ಬರೂ ಸಮ ಆದ್ರು.” ಎಲೆ ಮಡಚಿ ಬಾಯಲ್ಲಿಟ್ಟುಕೊಂಡರು. ಆಮೇಲೆ ದನಿ ತಗ್ಗಿಸಿದರು. “ಹೋದ ವರ್ಷ ಚನ್ನವ್ವ ನಿಮ್ಮ ಮುಂದ ಹೇಳಿದ್ದು ನನಗೂ ಕೇಳಿಸ್ತ್ರಿ. ಕಿವಿ ಇನ್ನಾ ಗಟ್ಟಿ ಅದಾವ. ಮೂವತ್ತ ವರ್ಷದಾಗ ಕಲ್ಲಿನ ಜೋಡಿ ನನ್ನ ನೆನಪೂ ಸರದಿತ್ತು. ನೀವು ಬಾಯಿ ತಗದ್ರಿ, ನನ್ನ ಎದಿ ಝಲ್ ಅಂತು. ಆಮ್ಯಾಲ ಹೋಳಿಗಿ ತುರಕ್ಕೊಂಡ್ರಿ. ಅದನ್ನ ನೋಡಿನ ನಾ ಡಂಕಿನಪ್ಪನ್ನ ಬಿಟ್ಟೆ. ಇಲ್ಲಾಂದ್ರ ಭೀಮಸೇನ ಗೀಮಸೇನ ಅಂತ ನೀವು ಹೇಳಿದ ಆ ಡೊಂಕ ಮಾತಿಗೆ ನಾ ಒಪ್ತಿದ್ನೇನ್ರಿ?”

ಒಂದು ವರ್ಷ ನಾನು ಕೂತಿದ್ದ ಹೆಮ್ಮೆಯ ಪೀಠ ಹೀಗೆ ಒಂದೇ ಮಾತಿಗೆ ಉರುಳಿತು. “ಹಂಗಾದ್ರ ಖರೇ ಹೇಳ್ರಿ ಮಾವಾರ, ಇಬ್ಬರಾಗ ದೊಡ್ಡಾಂವ ಯಾರು?” ಎಂದೆ. “ದೊಡ್ಡಾಂವ ಡಂಕಿನ್ ಸಾಹೇಬನ ರೀ” ಎಂದರು ತಡವಿಲ್ಲದೆ. “ಆದರ ಟೊಪಗಿ ತಗದಾಂವ ನಿಮ್ಮಾಂವ.” ಅಷ್ಟರಲ್ಲಿ ಚನ್ನವ್ವ ಎಡೆ ಹಿಡಿದು ಬಂದಳು. ಪಾಂಡವರಿಗೆ ಇಟ್ಟಾದ ಮೇಲೆ ಕಳ್ಳನ ಪಾಲಿನ ಹೋಳಿಗೆಯನ್ನು ನನ್ನ ಕೈಗೆ ಕೊಟ್ಟಳು. ಸಾಹೇಬರ ಮುಂದೆ ನಿಂತು ರೂಢಿಯಾದ ಮೈ. ಆ ಕಲ್ಲಿನ ಮುಂದೆಯೂ ನಾನು ಟೊಪ್ಪಿಗೆ ಸರಿಮಾಡಿಕೊಂಡೇ ಬಗ್ಗಿದೆ.

ಈಗಲೂ ಕೋರ್ಟಿನಲ್ಲಿ ಹೊಸದಾಗಿ ಬಂದ ಕಾರಕೂನರು ಆಟದ ಮಾತು ತೆಗೆದು, ಅವನು ಹೀಗೆ ಹೊಡೆಯುತ್ತಾನೆ, ಇವನು ಹಾಗೆ ಹೊಡೆಯುತ್ತಾನೆ ಎಂದು ಈಗಿನವರನ್ನು ಹೊಗಳತೊಡಗಿದರೆ ನನಗೆ ತಡೆಯುವುದಿಲ್ಲ. ನಮ್ಮ ವಿಲ್ಟನ್ ಸಾಹೇಬರು ಹೊಡೆದ ಚೆಂಡು ಬನ್ನಿ ಗಿಡದ ತನಕ ಹೋಗಿತ್ತು ಎನ್ನುತ್ತೇನೆ. ನಂಬದವರನ್ನು ಸೈಕಲ್ ಮೇಲೆ ಕೂರಿಸಿಕೊಂಡು ಹೋಗಿ ಕಲ್ಲು ತೋರಿಸುತ್ತೇನೆ. ಅದು ಕಳ್ಳನ ಕಲ್ಲು ಎಂಬುದನ್ನು ಮಾತ್ರ ಹೇಳುವುದಿಲ್ಲ.